ಕಲಬುರಗಿ, ಬೀದರ, ಯಾದಗಿರಿಯಲ್ಲಿ ಕ್ರಿಮಿನಲ್ ಕೇಸಿನ ಇಂಟರ್ನ್‌ಶಿಪ್: ಕಾನೂನು ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಆರೋಪಿಗಳ ಪರ ವಕೀಲಿ ಮಾಡುತ್ತೇನೆ. ಪರೀಕ್ಷೆ ಮುಗಿದ ಕೂಡಲೇ ಕಾನೂನು ವಿದ್ಯಾರ್ಥಿಗಳ ಫೋನ್ ಶುರುವಾಗುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದಾಗ ಏನಾದರೂ ಬಿಟ್ಟುಹೋಗುತ್ತದೆ. ಅದಕ್ಕೇ ಇಲ್ಲಿ ಕೂತು ಬರೆದಿದ್ದೇನೆ.

ಬೆಂಗಳೂರು, ದೆಹಲಿ ಬಿಟ್ಟು ಇಲ್ಲಿ ಯಾಕೆ ಇಂಟರ್ನ್‌ಶಿಪ್ ಮಾಡಬೇಕು?

ದೊಡ್ಡ ಊರಿನ ದೊಡ್ಡ ಆಫೀಸಿನಲ್ಲಿ ನೀವು ಹತ್ತನೆಯವರೋ ಇಪ್ಪತ್ತನೆಯವರೋ ಆಗಿರುತ್ತೀರಿ. ತೀರ್ಪು ಹುಡುಕಿಕೊಡಿ ಅಂತಾರೆ, ಹುಡುಕಿಕೊಡುತ್ತೀರಿ. ಕಕ್ಷಿದಾರರ ಮುಖವನ್ನೇ ನೋಡದೆ ನಾಲ್ಕು ವಾರ ಮುಗಿಯಬಹುದು. ಇಲ್ಲಿ ಹಾಗಲ್ಲ. ಮೊದಲ ವಾರದಲ್ಲೇ ಚಿಂಚೋಳಿ ಕಡೆಯ ಲಂಬಾಣಿ ತಾಂಡಾದಿಂದ ಬಂದ ತಾಯಿಯೊಬ್ಬಳು ನಿಮ್ಮ ಎದುರು ಕೂತು, "ನನ್ನ ಮಗ ಯಾವಾಗ ಬರ್ತಾನ?" ಎಂದು ಕೇಳುತ್ತಾಳೆ. ಉತ್ತರ ಹುಡುಕಲು ನೀವು ಕಡತ ಬಿಚ್ಚಲೇಬೇಕು.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ಮುಖ್ಯ. ನಮ್ಮ ಕಡೆ ಬಡ ಆರೋಪಿಗೆ ಅನ್ಯಾಯವಾಗುವುದು ವಾದ ಸೋತಿದ್ದರಿಂದಲೇ ಅಲ್ಲ. ತಾರೀಖು ಯಾವಾಗ ಎಂದು ಯಾರೂ ಹೇಳಿರುವುದಿಲ್ಲ. ಜಾಮೀನುದಾರ ಸಿಕ್ಕಿರುವುದಿಲ್ಲ. ಪಹಣಿಯಲ್ಲಿ ಹೆಸರು ಬೇರೆ ಇರುತ್ತದೆ. ವಕೀಲರು ಹೇಳಿದ್ದು ಅವನಿಗೆ ಅರ್ಥವಾಗಿರುವುದಿಲ್ಲ. ಇವೆಲ್ಲ ಸಣ್ಣ ಸಣ್ಣ ಸಂದುಗಳು. ಆದರೆ ಮನುಷ್ಯರು ತಿಂಗಳುಗಟ್ಟಲೆ ಸಿಕ್ಕಿಬೀಳುವುದು ಇಂಥ ಸಂದುಗಳಲ್ಲೇ. ಇವನ್ನು ಮುಚ್ಚಲು ಸನ್ನದು, ಅಂದರೆ ವಕೀಲಿ ಮಾಡುವ ಅನುಮತಿಪತ್ರ, ಬೇಕಿಲ್ಲ, ಸಮಯ ಮತ್ತು ಗಮನ ಬೇಕು. ನಿಮ್ಮ ಹತ್ತಿರ ಎರಡೂ ಇವೆ. ನಮ್ಮಂಥ ವಕೀಲರ ಹತ್ತಿರ ದಿನಕ್ಕೆ ಮೂವತ್ತು ಕೇಸಿರುವಾಗ ಎರಡೂ ಕಡಿಮೆ ಬೀಳುತ್ತವೆ.

ಬಾರ್ ಕೌನ್ಸಿಲ್ ಪ್ರಕಾರ ಎಷ್ಟು ವಾರ ಮಾಡಬೇಕು?

2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ. ಯಾವುದೇ ವರ್ಷದಲ್ಲಿ ಸತತ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಓದು ಮುಗಿಯುವುದರೊಳಗೆ ಒಮ್ಮೆಯಾದರೂ ವಿಚಾರಣಾ ಕೋರ್ಟಿನ ವಕೀಲರ ಹತ್ತಿರ ಮತ್ತು ಮೇಲ್ಮನವಿ ನಡೆಸುವ ವಕೀಲರ ಹತ್ತಿರ ಇರಬೇಕು. ನಮ್ಮ ಊರಿನಲ್ಲಿ ಎರಡೂ ಸಾಧ್ಯ. ಜಿಲ್ಲಾ ಕೋರ್ಟೂ ಇದೆ, ಹೈಕೋರ್ಟ್ ಪೀಠವೂ ಇದೆ.

ನಮ್ಮ ಮನೆತನದಲ್ಲಿ ಯಾರೂ ವಕೀಲರಿಲ್ಲ. ಯಾರನ್ನು ಕೇಳಲಿ?

ನನ್ನ ಮನೆಯಲ್ಲೂ ಯಾರೂ ಇರಲಿಲ್ಲ. ಹಾಗಾಗಿ ಈ ಪ್ರಶ್ನೆ ಕೇಳಿದರೆ ನನಗೆ ಆ ದಿನಗಳು ನೆನಪಾಗುತ್ತವೆ. ಕೋರ್ಟ್ ಆವರಣದ ಬೇವಿನ ಮರದ ಕೆಳಗೆ ಅರ್ಧ ದಿನ ನಿಂತು, ಯಾರನ್ನೂ ಮಾತಾಡಿಸುವ ಧೈರ್ಯವಾಗದೆ ವಾಪಸ್ ಬಸ್ ಹತ್ತಿದ್ದೆ.

ನೀವು ಹಾಗೆ ಮಾಡಬೇಡಿ. ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಪ್ರಧಾನ ಜಿಲ್ಲಾ ನ್ಯಾಯಾಧೀಶರು ಅದರ ಅಧ್ಯಕ್ಷರು. ದಿನದ ಕೆಲಸ ನೋಡಿಕೊಳ್ಳಲು ನ್ಯಾಯಾಧೀಶರೇ ಆಗಿರುವ ಸದಸ್ಯ ಕಾರ್ಯದರ್ಶಿ ಇರುತ್ತಾರೆ. ಕಾಲೇಜಿನ ಪತ್ರ, ಗುರುತಿನ ಚೀಟಿ ಮತ್ತು ಒಂದು ಪುಟದ ಅರ್ಜಿ ತೆಗೆದುಕೊಂಡು ಹೋಗಿ. ಅರ್ಜಿಯಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇರುತ್ತೀರಿ, ಯಾವ ಯಾವ ಭಾಷೆ ಬರುತ್ತದೆ ಎಂದು ತಪ್ಪದೆ ಬರೆಯಿರಿ. ಭಾಷೆಯ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಾನು ಮೊದಲು ನೋಡುವುದು ಅದನ್ನೇ.

ಅಲ್ಲಿಯೇ ಕಾನೂನು ನೆರವು ರಕ್ಷಣಾ ವಕೀಲರ ಬಗ್ಗೆಯೂ ಕೇಳಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2022ರ ಯೋಜನೆಯಂತೆ ಬಡ ಆರೋಪಿಗಳ ಕೇಸು ನಡೆಸುವುದೇ ಪೂರ್ಣಾವಧಿ ಕೆಲಸವಾಗಿರುವ ಮುಖ್ಯ, ಉಪ ಮತ್ತು ಸಹಾಯಕ ವಕೀಲರ ತಂಡ ಅದು. ನಾಲ್ಕು ವಾರದಲ್ಲಿ ಬಗೆಬಗೆಯ ಕ್ರಿಮಿನಲ್ ಕೇಸು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕಾನೂನು ವಿದ್ಯಾರ್ಥಿಗಳು ಸನ್ನದು ಪಡೆಯುವವರೆಗೆ ಅರೆಕಾಲಿಕ ಕಾನೂನು ಸ್ವಯಂಸೇವಕರಾಗುವ ಅವಕಾಶವೂ ಇದೆ. ಇಂಟರ್ನ್‌ಶಿಪ್ ಮುಗಿದ ಮೇಲೂ ಈ ಕೆಲಸದ ನಂಟು ಬಿಡಬಾರದು ಅನ್ನುವವರಿಗೆ ಅದು ಒಳ್ಳೆಯ ದಾರಿ.

ಖಾಸಗಿ ವಕೀಲರ ಹತ್ತಿರವೇ ಹೋಗಬೇಕೆಂದರೆ, ಎರಡು ದಿನ ಸುಮ್ನೆ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಪಾಟಿ ಸವಾಲು, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವುದು, ಚೆನ್ನಾಗಿ ಮಾಡುವವರು ಯಾರು, ಕಕ್ಷಿದಾರರ ಜೊತೆ ಮರ್ಯಾದೆಯಿಂದ ಮಾತಾಡುವವರು ಯಾರು ಎಂದು ತಿಳಿಯುತ್ತದೆ. ಎರಡೂ ಇರುವವರನ್ನು ಹುಡುಕಿ.

ಇಂಟರ್ನ್ ಕೋರ್ಟಿನಲ್ಲಿ ಮಾತಾಡಬಹುದಾ?

ಇಲ್ಲ. 1961ರ ವಕೀಲರ ಕಾಯಿದೆಯಂತೆ ಸನ್ನದು ಇದ್ದವರು ಮಾತ್ರ ವಕೀಲಿ ಮಾಡಬಹುದು. ತಾರೀಖು ಕೇಳುವ ಸಣ್ಣ ಕೆಲಸಕ್ಕೂ "ಸರ್, ನಾನು ನಿಲ್ತೀನಿ" ಎನ್ನಬೇಡಿ. ಹಾಗೆ ನಿಲ್ಲಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಾಗಾದರೆ ದಿನವಿಡೀ ಏನು ಕೆಲಸ?

ಬೆಳಿಗ್ಗೆ ಅಂದಿನ ಕೇಸುಗಳ ಪಟ್ಟಿ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು, ಹಂತ, ಹಳೆಯ ಆದೇಶ ಎಲ್ಲವೂ ಬರುತ್ತವೆ. ಅದನ್ನು ನೋಡಿಕೊಂಡು ಕಕ್ಷಿದಾರರಿಗೆ ಫೋನ್ ಮಾಡುವುದು ಇಂಟರ್ನ್ ಕೆಲಸ. ಇಷ್ಟೇನಾ ಅನ್ನಿಸಬಹುದು. ಒಂದು ಕೇಸು ಹೇಳುತ್ತೇನೆ.

ಯಾದಗಿರಿ ಜಿಲ್ಲೆಯ ಒಬ್ಬ ಕೂಲಿಕಾರ. ಹೊಲದ ಬದುವಿನ ಜಗಳ, ಸಣ್ಣ ಕೇಸು, ಜಾಮೀನು ಆಗಿತ್ತು. ಸುಗ್ಗಿ ಮುಗಿದ ಮೇಲೆ ಹೆಂಡತಿ ಮಕ್ಕಳ ಜೊತೆ ಮುಂಬೈಗೆ ಗುಳೆ ಹೋದ. ಮೂರು ತಾರೀಖು ತಪ್ಪಿತು. ಕೋರ್ಟು ಜಾಮೀನುರಹಿತ ವಾರೆಂಟ್ ಹೊರಡಿಸಿತು. ಹಬ್ಬಕ್ಕೆ ಊರಿಗೆ ಬಂದವನನ್ನು ಪೊಲೀಸರು ಕರೆದುಕೊಂಡು ಹೋದರು. ಅವನು ಓಡಿಹೋಗಿರಲಿಲ್ಲ, ಕೆಲಸಕ್ಕೆ ಹೋಗಿದ್ದ. ಯಾರಾದರೂ ಮೊದಲೇ ಒಂದು ಫೋನ್ ಮಾಡಿದ್ದರೆ ಖುದ್ದು ಹಾಜರಾತಿಯಿಂದ ಆ ದಿನದ ಮಟ್ಟಿಗೆ ವಿನಾಯಿತಿ ಕೇಳಿ ವಕೀಲರು ಒಂದು ಪುಟದ ಅರ್ಜಿ ಹಾಕುತ್ತಿದ್ದರು. ಅಂದಿನಿಂದ ನನ್ನ ಆಫೀಸಿನಲ್ಲಿ ಗುಳೆ ಹೋಗುವವರ ಹೆಸರಿನ ಮುಂದೆ ಅವರನ್ನು ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯ ಫೋನ್ ನಂಬರನ್ನೂ ಬರೆಯುತ್ತೇವೆ. ಆ ಪಟ್ಟಿಯನ್ನು ಮೊದಲು ಮಾಡಿದ್ದು ಒಬ್ಬ ಇಂಟರ್ನ್ ಹುಡುಗಿ.

ಮಧ್ಯಾಹ್ನದ ಮೇಲೆ ಕಡತ ಓದುವುದು. ಎಫ್‌ಐಆರ್‌ನಲ್ಲಿ ಮೂರು ಸಮಯ ನೋಡಿ: ಘಟನೆ ನಡೆದದ್ದು, ಠಾಣೆಗೆ ದೂರು ಬಂದದ್ದು, ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ತಲುಪಿದ್ದು. ನಡುವೆ ಎಷ್ಟು ಗಂಟೆ ಹೋಯಿತು? ಆ ಗಂಟೆಗಳಿಗೆ ಕಾರಣ ಬರೆದಿದ್ದಾರಾ? ಆಮೇಲೆ ಪಂಚನಾಮೆ, ಅಂದರೆ ಪಂಚರೆಂಬ ಸಾಕ್ಷಿಗಳ ಎದುರು ಪೊಲೀಸರು ಸ್ಥಳದ, ವಸ್ತುಗಳ ವಿವರ ಬರೆದ ದಾಖಲೆ. ಪಂಚರು ಆ ಊರಿನವರಾ? ಎರಡು ಬೇರೆ ಬೇರೆ ಕೇಸಿನಲ್ಲಿ ಅವರೇ ಪಂಚರಾ? ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು ಬರೆದ ಸಮಯ ದೂರಿನ ಸಮಯಕ್ಕೆ ಹೊಂದುತ್ತದಾ? ಸಾಕ್ಷಿಗಳ ಹೇಳಿಕೆಗಳನ್ನು ಪಕ್ಕ ಪಕ್ಕ ಇಟ್ಟು ಓದಿ. ನಾಲ್ಕು ಹೇಳಿಕೆಗಳಲ್ಲಿ ಒಂದೇ ವಾಕ್ಯ, ಒಂದೇ ತಪ್ಪಿನ ಸಮೇತ ಕಂಡರೆ ಗುರುತು ಹಾಕಿ ಸೀನಿಯರ್‌ಗೆ ತೋರಿಸಿ. ನಿಮ್ಮ ಕಣ್ಣಿಗೆ ಇನ್ನೂ ಅಭ್ಯಾಸದ ಪೊರೆ ಬಂದಿಲ್ಲ. ನಾವು ದಾಟಿಹೋಗುವುದನ್ನು ನೀವು ಹಿಡಿಯುತ್ತೀರಿ.

ಜಾಮೀನು ಸಿಕ್ಕ ಮೇಲೂ ಜೈಲಿನಲ್ಲೇ ಇರುತ್ತಾರೆ ಅಂತಾರೆ. ಅದು ಹೇಗೆ?

ಆದೇಶ ಬಂದ ಕೂಡಲೇ ಬಾಗಿಲು ತೆರೆಯುವುದಿಲ್ಲ. ಆದೇಶದಲ್ಲಿ ಸಾಮಾನ್ಯವಾಗಿ ಇಷ್ಟು ಸಾವಿರದ ಬಾಂಡು ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬರೋ ಇಬ್ಬರೋ ಜಾಮೀನುದಾರರು ಎಂದಿರುತ್ತದೆ. ಜಾಮೀನುದಾರ ಎಂದರೆ ಹೊಲ ಇರುವವರು, ಪಹಣಿ ತರುವವರು. ಇಲ್ಲಿಂದ ಕಷ್ಟ ಶುರು.

ಹೊಲ ಇರುತ್ತದೆ, ಪಹಣಿ ಅಜ್ಜನ ಹೆಸರಿನಲ್ಲೇ ಇರುತ್ತದೆ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿರುವುದಿಲ್ಲ. ಅಥವಾ ಪಹಣಿಯಲ್ಲಿ 'ಶರಣಪ್ಪ' ಎಂದಿದ್ದರೆ ಆಧಾರ್‌ನಲ್ಲಿ 'ಶರಣಬಸಪ್ಪ' ಎಂದಿರುತ್ತದೆ. ಕೋರ್ಟಿನಲ್ಲಿ ಅದನ್ನು ಒಪ್ಪುವುದಿಲ್ಲ. ಜಾಮೀನುದಾರ ಒಂದು ದಿನದ ಕೂಲಿ ಬಿಟ್ಟು, ಬಸ್ ಹಿಡಿದು ಬಂದು, ಸಂಜೆ ಬರಿಗೈಲಿ ವಾಪಸ್ ಹೋಗುತ್ತಾನೆ. ಎರಡನೇ ಸಲ ಕರೆದರೆ ಬರುತ್ತಾನಾ? ಭೂಮಿ ಇಲ್ಲದವರ ಗತಿಯಂತೂ ಕೇಳಲೇಬೇಡಿ. ಅವರ ಬಳಗದಲ್ಲಿ ಯಾರಿಗೂ ಭೂಮಿ ಇರುವುದಿಲ್ಲ.

ಕಾನೂನು ಇದನ್ನು ಯೋಚಿಸಿಲ್ಲ ಎಂದಲ್ಲ. 1978ರಲ್ಲೇ ಮೋತಿರಾಮ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೋಡಿತ್ತು. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಜಾಮೀನನ್ನೂ ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕನ್ನಡಿಗರ ಹೆಸರನ್ನೂ ತೆಗೆದಿದ್ದಾರೆ. ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತರ್‌ನಲ್ಲೋ ಚಾಂದನಿ ಚೌಕದಲ್ಲೋ ಬಂಧನಕ್ಕೆ ಒಳಗಾದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರುತ್ತಾನೆ ಎಂದು ಕೇಳಿದ್ದಾರೆ. ಬೀದರಿಗೆ ಬಂದು ಓದಿದರೆ ಆ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕಾಗುತ್ತದೆ. ಮಹಾರಾಷ್ಟ್ರದ, ತೆಲಂಗಾಣದ ಕೂಲಿಕಾರ ಇಲ್ಲಿ ಸಿಕ್ಕಿಬಿದ್ದರೆ ಅವನು ಯಾರನ್ನು ತರಬೇಕು?

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾದ ನಿರ್ದೇಶನ ಕೊಟ್ಟಿದೆ. ಜಾಮೀನು ಕೊಟ್ಟ ಕೋರ್ಟು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇಮೇಲ್ ಮೂಲಕ ಜೈಲಿಗೆ ಕಳಿಸಬೇಕು. ಏಳು ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನು ಒದಗಿಸಲು ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕು ಎಂಬ ಷರತ್ತೇ ಬಿಡುಗಡೆ ತಡವಾಗಲು ಒಂದು ಕಾರಣ ಎಂದೂ ಹೇಳಿದೆ. ಇನ್ನು ಜಾಮೀನು ಹಕ್ಕಾಗಿಯೇ ಸಿಗುವ ಸಣ್ಣ ಅಪರಾಧಗಳಲ್ಲಿ, ಬಂಧನವಾಗಿ ಒಂದು ವಾರದೊಳಗೆ ಜಾಮೀನು ಒದಗಿಸಲಾಗದವನನ್ನು ಬಡವ ಎಂದೇ ಭಾವಿಸಿ, ಅವನ ಸ್ವಂತ ಬಾಂಡಿನ ಮೇಲೆ ಬಿಡಬೇಕು. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಮಿನ ವಿವರಣೆಯಲ್ಲಿದೆ.

ಇಂಟರ್ನ್ ಇಲ್ಲಿ ಏನು ಮಾಡಬಹುದು? ಜಾಮೀನು ಆದೇಶ ಆಗಿಯೂ ಹೊರಬರದವರ ಪಟ್ಟಿ ಮಾಡಿ. ಪ್ರತಿಯೊಬ್ಬರ ಮುಂದೆ ಆದೇಶದ ತಾರೀಖು, ಬಾಂಡಿನ ಮೊತ್ತ, ಸಿಕ್ಕಿಕೊಂಡ ಕಾರಣ ಬರೆಯಿರಿ. ಕುಟುಂಬದವರು ಕೋರ್ಟಿಗೆ ಹೊರಡುವ ಮೊದಲೇ ಪಹಣಿ ಮತ್ತು ಆಧಾರ್‌ನ ಫೋಟೊ ತರಿಸಿಕೊಂಡು ಹೆಸರು ಅಕ್ಷರ ಅಕ್ಷರ ಹೋಲಿಸಿ. ಒಬ್ಬರ ಬಸ್ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದೆ. ಷರತ್ತು ಸಡಿಲಿಸಲು ಅರ್ಜಿ ಬೇಕಾದರೆ ಕರಡು ನೀವೇ ಬರೆದು ವಕೀಲರಿಗೆ ಕೊಡಿ. ಈ ಒಂದೇ ಕೆಲಸ ನಾಲ್ಕು ವಾರ ಮಾಡಿದರೂ ನಿಮ್ಮ ಇಂಟರ್ನ್‌ಶಿಪ್ ಸಾರ್ಥಕ ಎನ್ನುತ್ತೇನೆ.

ಮತ್ತೊಂದು ಎಚ್ಚರಿಕೆ. ಕೋರ್ಟಿನ ಸುತ್ತ ದುಡ್ಡು ತೆಗೆದುಕೊಂಡು ಜಾಮೀನು ನಿಲ್ಲುವವರು ಸಿಗುತ್ತಾರೆ. ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಎಂದು ಪ್ರತಿ ಜಾಮೀನುದಾರನೂ ಕೋರ್ಟಿಗೆ ಘೋಷಣೆ ಕೊಡಬೇಕು. ಅಂಥವರ ಫೋನ್ ನಂಬರನ್ನು ಯಾವ ಕುಟುಂಬಕ್ಕೂ ನೀವು ಕೊಡಬೇಡಿ, ಎಷ್ಟೇ ಕರುಣೆ ಬಂದರೂ.

60 ದಿನ, 90 ದಿನ ಎಂಬ ಲೆಕ್ಕ ಏನು?

ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಸಲ್ಲಿಸಲು ಪೊಲೀಸರಿಗೆ ಇರುವ ಗಡುವು ಇದು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಹಾಗೂ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನ. ಉಳಿದವಕ್ಕೆ 60. ಹೊಸ ಸಂಹಿತೆಯ 187ನೇ ಕಲಮು. ಗಡುವು ದಾಟಿದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಕೇಳಬೇಕು. ಕೇಳುವ ಮೊದಲೇ ದೋಷಾರೋಪ ಪಟ್ಟಿ ಬಂದುಬಿಟ್ಟರೆ ಹಕ್ಕು ಹೋಯಿತು. ಮ್ಯಾಜಿಸ್ಟ್ರೇಟರು ಆರೋಪಿಯನ್ನು ಮೊದಲು ಕಸ್ಟಡಿಗೆ ಒಪ್ಪಿಸಿದ ದಿನವನ್ನೂ (ಮೊದಲ ರಿಮಾಂಡ್) ಸೇರಿಸಿ ಎಣಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಗೋಡೆ ಕ್ಯಾಲೆಂಡರ್ ತೆಗೆದುಕೊಂಡು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಕಂಪ್ಯೂಟರಿಗಿಂತ ಗೋಡೆ ಚೆನ್ನಾಗಿ ಕಾಣುತ್ತದೆ.

ವರ್ಷಗಟ್ಟಲೆ ವಿಚಾರಣಾಧೀನ ಕೈದಿಯಾಗಿ ಇರುವವರಿಗೆ ಏನಾದರೂ ದಾರಿ ಇದೆಯಾ?

ಇದೆ, ಅದೇ ಹೊಸ ಸಂಹಿತೆಯ 479ನೇ ಕಲಮು. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆ ಆಗಿರದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವರಿಗೂ ತೊಡಕಿದೆ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಬರೆಯುವುದು ಜೈಲು ಅಧೀಕ್ಷಕರ ಕರ್ತವ್ಯ. ಹೊಸ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲಿನ ಕೇಸುಗಳಿಗೂ ಇದು ಅನ್ವಯ ಎಂದು ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಲೆಕ್ಕ ಸರಳ. ಆದರೆ ಯಾರಾದರೂ ಕೂತು ಮಾಡಬೇಕಲ್ವಾ?

ಉಚಿತ ವಕೀಲರು ಯಾರಿಗೆಲ್ಲ ಸಿಗುತ್ತಾರೆ?

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮು ಓದಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಾನವ ಸಾಗಣೆಗೆ ಬಲಿಯಾದವರು, ಪ್ರಕೃತಿ ವಿಕೋಪದ ಸಂತ್ರಸ್ತರು ಹಾಗೂ ಬಂಧನದಲ್ಲಿರುವ ಯಾರೇ ಆಗಲಿ. ಇವರಿಗೆ ಆದಾಯದ ಮಿತಿ ಇಲ್ಲ. 'ಬಂಧನದಲ್ಲಿರುವ ಯಾರೇ ಆಗಲಿ' ಎಂಬ ಮಾತನ್ನು ಗಟ್ಟಿಯಾಗಿ ನೆನಪಿಡಿ. ಜೈಲಿನಲ್ಲಿರುವವರ ಹತ್ತಿರ ಆದಾಯ ಪ್ರಮಾಣಪತ್ರ ಕೇಳಿ ಅಲೆಸುವುದು ತಪ್ಪು.

ಸಹಾಯವಾಣಿ 15100. ಮೊದಲ ಸಲ ಹಾಜರುಪಡಿಸಿದಾಗಲೇ ಉಚಿತ ವಕೀಲರ ಹಕ್ಕಿನ ಬಗ್ಗೆ ಮ್ಯಾಜಿಸ್ಟ್ರೇಟರು ಆರೋಪಿಗೆ ಹೇಳಬೇಕು ಎಂದು 1981ರ ಖತ್ರಿ ಕೇಸಿನಲ್ಲಿ ತೀರ್ಮಾನವಾಯಿತು. ಹಾಗೆ ಹೇಳದೆ ವಿಚಾರಣೆ ನಡೆದಿದ್ದಕ್ಕೆ 1986ರ ಸುಕ್ ದಾಸ್ ಕೇಸಿನಲ್ಲಿ ಶಿಕ್ಷೆಯೇ ರದ್ದಾಯಿತು.

ಉಚಿತ ವಕೀಲರು ಮನಸ್ಸಿಟ್ಟು ಮಾಡಲ್ಲ ಎಂಬ ಮಾತು ಊರಲ್ಲಿ ಇದೆ. ಎಲ್ಲ ಕಡೆ ಇರುವಂತೆ ಇಲ್ಲೂ ಎರಡು ಥರದವರಿದ್ದಾರೆ. ನಾನು ಕಂಡ ಅತ್ಯುತ್ತಮ ಪಾಟಿ ಸವಾಲುಗಳಲ್ಲಿ ಒಂದನ್ನು ಮಾಡಿದ್ದು ಒಬ್ಬ ಉಚಿತ ವಕೀಲರೇ. ಕಕ್ಷಿದಾರರಿಗೆ ಧೈರ್ಯವಾಗಿ ಹೇಳಿ, ಹೋಗಿ ಎಂದು.

ಜೈಲಿಗೆ ಹೋಗಿ ಕೈದಿಗಳನ್ನು ಮಾತಾಡಿಸಬಹುದಾ?

ಅನುಮತಿಯೊಂದಿಗೆ, ವಕೀಲರ ಅಥವಾ ಪ್ರಾಧಿಕಾರದವರ ಜೊತೆಗೆ ಹೋಗಬಹುದು. ಒಬ್ಬರೇ ಹೋಗಬೇಡಿ. ಫೋನ್ ಹೊರಗಿಡಿ. ಒಳಗಿಂದ ಹೊರಗೆ, ಹೊರಗಿಂದ ಒಳಗೆ ಏನನ್ನೂ ಸಾಗಿಸಬೇಡಿ. ಚೀಟಿಯೂ ಬೇಡ, ಬೀಡಿಯೂ ಬೇಡ.

ಹೇಗೆ ಮಾತಾಡಬೇಕು ಎನ್ನುವುದು ಇನ್ನೂ ಮುಖ್ಯ. "ಏನು ಮಾಡಿ ಬಂದೆ?" ಎಂದು ಶುರು ಮಾಡಬೇಡಿ. ಹೆಸರು ಕೇಳಿ, ಊರು ಕೇಳಿ, ಮನೆಯಲ್ಲಿ ಯಾರಿದ್ದಾರೆ ಕೇಳಿ. ವಕೀಲರು ಯಾರು ಎಂದು ಗೊತ್ತಾ? ಮುಂದಿನ ತಾರೀಖು ಗೊತ್ತಾ? ಮನೆಯವರಿಗೆ ನೀವು ಇಲ್ಲಿರುವುದು ಗೊತ್ತಾ? ಈ ಮೂರಕ್ಕೂ 'ಇಲ್ಲ' ಎನ್ನುವವರು ನಿಮಗೆ ಸಿಗುತ್ತಾರೆ. ಸಿಕ್ಕಾಗ ಬರೆದುಕೊಂಡು ಬನ್ನಿ. ಬಿಡಿಸ್ತೀನಿ ಎಂದು ಮಾತ್ರ ಯಾರಿಗೂ ಮಾತು ಕೊಡಬೇಡಿ. ಮುಂದಿನ ಭೇಟಿಯವರೆಗೆ ಆ ಮನುಷ್ಯ ಅದೊಂದೇ ಮಾತನ್ನು ಹಿಡಿದುಕೊಂಡಿರುತ್ತಾನೆ.

ಹಳೇ ಕಾನೂನು ಓದಬೇಕಾ, ಹೊಸದು ಓದಬೇಕಾ?

ಎರಡೂ. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಭಾರತೀಯ ದಂಡ ಸಂಹಿತೆ, ಆಮೇಲಿನದಕ್ಕೆ ಭಾರತೀಯ ನ್ಯಾಯ ಸಂಹಿತೆ. ನಮ್ಮ ಹಳ್ಳಿಗಳ ಹೊಡೆದಾಟದ ಕೇಸಿನಲ್ಲಿ 323, 324, 504, 506 ಜೊತೆಗೆ 34 ಎಂಬ ಸಾಲು ಎಲ್ಲರಿಗೂ ಬಾಯಿಪಾಠ. ಈಗ ಅದೇ ಸಾಲು 115(2), 118(1), 352, 351 ಜೊತೆಗೆ 3(5). ಕೊಲೆ 302ರಿಂದ 103ಕ್ಕೆ, ಕಳ್ಳತನ 379ರಿಂದ 303ಕ್ಕೆ ಹೋಗಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಆರೋಪಿಯ ಹೇಳಿಕೆಯ 313 ಈಗ ನಾಗರಿಕ ಸುರಕ್ಷಾ ಸಂಹಿತೆಯ 351. ಆದರೂ ಕೋರ್ಟಿನಲ್ಲಿ ಎಲ್ಲರ ಬಾಯಲ್ಲೂ 'ತ್ರೀ ಥರ್ಟೀನ್' ಅಂತಲೇ ಬರುತ್ತದೆ. ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ ಬರೆದು ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳಿ.

ನನಗೆ ಇಂಗ್ಲಿಷ್ ಅಷ್ಟು ಬರಲ್ಲ. ಆಗುತ್ತದಾ?

ಖಂಡಿತ ಆಗುತ್ತದೆ. ಕೆಳಗಿನ ಕೋರ್ಟುಗಳಲ್ಲಿ ಎಫ್‌ಐಆರ್, ಪಂಚನಾಮೆ, ಸಾಕ್ಷಿ ಹೇಳಿಕೆ ಕನ್ನಡದಲ್ಲೇ ಇರುತ್ತವೆ. ಹೈಕೋರ್ಟಿಗೆ ಹೋದಾಗ ಇಂಗ್ಲಿಷ್ ಬೇಕು, ಕಲಿಯುತ್ತಾ ಬರುತ್ತದೆ.

ನಮ್ಮ ಕಡೆ ನಿಜವಾಗಿ ಬೇಕಾದದ್ದು ಬೇರೆ ಭಾಷೆಗಳು. ಔರಾದ, ಭಾಲ್ಕಿ ಕಡೆ ಮರಾಠಿ. ಗುರುಮಠಕಲ್ ಕಡೆ ತೆಲುಗು. ಕಲಬುರಗಿ, ಬೀದರ ಪೇಟೆಗಳಲ್ಲಿ ದಖನಿ ಉರ್ದು. ತಾಂಡಾಗಳಲ್ಲಿ ಲಂಬಾಣಿ. ಸಾಕ್ಷ್ಯ ನಡೆಯುವ ಭಾಷೆ ಆರೋಪಿಗೆ ತಿಳಿಯದಿದ್ದರೆ, ತಿಳಿಯುವ ಭಾಷೆಯಲ್ಲಿ ಕೋರ್ಟಿನಲ್ಲೇ ಅವನಿಗೆ ವಿವರಿಸಬೇಕು ಎಂದು ಕಾನೂನು ಹೇಳುತ್ತದೆ. ಒಬ್ಬ ಲಂಬಾಣಿ ಹುಡುಗ ನಮ್ಮಲ್ಲಿ ಇಂಟರ್ನ್ ಆಗಿದ್ದ. ಎಂಟು ತಿಂಗಳಿಂದ ವಕೀಲರ ಪ್ರತಿ ಮಾತಿಗೂ 'ಹೂಂ' ಎನ್ನುತ್ತಿದ್ದ ಒಬ್ಬ ಮುದುಕಿ ಅವನ ಹತ್ತಿರ ಅರ್ಧ ಗಂಟೆ ಮಾತಾಡಿದಳು. ಆ ದಿನ ಕೇಸಿನ ಕಥೆಯೇ ಬೇರೆ ಎಂದು ನಮಗೆ ಗೊತ್ತಾಯಿತು. ಮನೆಯ ಭಾಷೆಯ ಬಗ್ಗೆ ನಾಚಿಕೆಪಡುವ ವಿದ್ಯಾರ್ಥಿಗಳಿಗೆ ನಾನು ಈ ಸಂಗತಿ ಹೇಳುತ್ತೇನೆ.

ಅಂದಹಾಗೆ, 1948ರವರೆಗೆ ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು, ಕಚೇರಿಯ ಭಾಷೆ ಉರ್ದು. ಇವತ್ತು ನಾವು ಆಡುವ ವಕೀಲ, ಜಾಮೀನು, ತಾರೀಖು, ದಾಖಲೆ ಎಲ್ಲವೂ ಆ ಕಡೆಯಿಂದ ಬಂದ ಪದಗಳೇ.

ತಪ್ಪು ಮಾಡಿದವರ ಪರ ನಿಲ್ಲುವುದು ಸರಿಯಾ? ಮನೆಯವರು ಕೇಳುತ್ತಾರೆ.

ತಪ್ಪು ಮಾಡಿದ್ದಾನೆ ಎಂದು ತೀರ್ಮಾನಿಸಿದವರು ಯಾರು? ಆ ತೀರ್ಮಾನ ಸರಿಯಾಗಿ ಆಗಲಿ ಎಂದೇ ಎರಡೂ ಕಡೆ ವಕೀಲರು ಇರುವುದು. ತನಗೆ ಬೇಕಾದ ವಕೀಲರಿಂದ ರಕ್ಷಣೆ ಪಡೆಯುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಬಂಧಿತನಿಗೆ ಕೊಟ್ಟಿದೆ. ಇಂಥವರ ಪರ ಯಾರೂ ವಕಾಲತ್ತು ಹಾಕಬಾರದು ಎಂದು ವಕೀಲರ ಸಂಘಗಳು ನಿರ್ಣಯ ಮಾಡುವುದು ಕಾನೂನುಬಾಹಿರ ಎಂದು 2010ರಲ್ಲಿ ಮೊಹಮ್ಮದ್ ರಫಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಂತ ನೋವು ತಿಂದವರನ್ನು ಮರೆಯಬೇಕೆಂದಿಲ್ಲ. ಕೋರ್ಟಿನ ಪಡಸಾಲೆಯಲ್ಲಿ ದೂರುದಾರರ ಮನೆಯವರೂ ಅಲ್ಲೇ ಕೂತಿರುತ್ತಾರೆ. ಅವರೆದುರು ನಗಬೇಡಿ, ಕೇಸಿನ ಮಾತಾಡಬೇಡಿ. ಅವರ ಸಾಕ್ಷಿಗಳ ಹತ್ತಿರ ಹೋಗಲೇಬೇಡಿ. ಅತ್ಯಾಚಾರದ ಕೇಸಿನಲ್ಲಿ, ಮಕ್ಕಳ ಕೇಸಿನಲ್ಲಿ ಸಂತ್ರಸ್ತರ ಗುರುತು ಹೊರಹಾಕುವುದು ಅಪರಾಧ. ಗೆಳೆಯರ ಹತ್ತಿರವೂ ಊರಿನ ಹೆಸರು ಹೇಳಬೇಡಿ. ನಮ್ಮ ಹಳ್ಳಿಗಳಲ್ಲಿ ಊರಿನ ಹೆಸರು ಸಿಕ್ಕರೆ ಮನೆಯೂ ಸಿಕ್ಕಂತೆ.

ಕಕ್ಷಿದಾರರು ಹೇಳಿದ ಗುಟ್ಟು ಕಾಪಾಡುವ ನಿಯಮ ನನಗೂ ಅನ್ವಯಿಸುತ್ತದಾ?

ಹೌದು. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಕಕ್ಷಿದಾರ ವಕೀಲರಿಗೆ ಹೇಳಿದ ಮಾತನ್ನು ಕಾಪಾಡುತ್ತದೆ. ವಕೀಲರ ಗುಮಾಸ್ತರು, ನೌಕರರು, ದುಭಾಷಿಗಳಿಗೂ ಅದನ್ನು ವಿಸ್ತರಿಸಿದೆ. ಕಡತದ ಫೋಟೊ ಸ್ಟೇಟಸ್‌ಗೆ ಹಾಕುವುದು, ಜೈಲಿನ ಗೇಟಿನ ಮುಂದೆ ಸೆಲ್ಫಿ, ಕೋರ್ಟ್ ಹಾಲಿನ ರೀಲ್ಸ್, ಯಾವುದೂ ಬೇಡ.

ಹೆಣ್ಣುಮಕ್ಕಳಿಗೆ ಕ್ರಿಮಿನಲ್ ಕೆಲಸ ಸರಿಹೋಗುತ್ತದಾ?

ಈ ಪ್ರಶ್ನೆಯನ್ನು ಹೆಣ್ಣುಮಕ್ಕಳಿಗಿಂತ ಅವರ ಅಪ್ಪಂದಿರು ಜಾಸ್ತಿ ಕೇಳುತ್ತಾರೆ. ಸರಿಹೋಗುತ್ತದೆ. ಮಹಿಳಾ ಕೈದಿಗಳು, ಕೈದಿಗಳ ಹೆಂಡತಿಯರು ಹೆಣ್ಣು ಇಂಟರ್ನ್‌ಗಳ ಹತ್ತಿರ ಬಿಚ್ಚಿ ಹೇಳುವಷ್ಟು ನಮ್ಮ ಹತ್ತಿರ ಹೇಳುವುದಿಲ್ಲ.

ಸುರಕ್ಷತೆಯ ವಿಷಯ ನೇರವಾಗಿ ಹೇಳುತ್ತೇನೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ತರಬೇತಿಯಲ್ಲಿ ಇರುವವರಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ವಕೀಲರ ಆಫೀಸಿನಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಆಗ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ರಾತ್ರಿ ಆಫೀಸಿಗೆ ಬಾ ಎಂದರೆ ಬರಲ್ಲ ಎನ್ನಿ. ಅದರಿಂದ ಪ್ರಮಾಣಪತ್ರ ತಪ್ಪುತ್ತದೆ ಎಂದರೆ ಕಾಲೇಜಿಗೆ ತಿಳಿಸಿ. ವಿದ್ಯಾರ್ಥಿನಿಯೊಬ್ಬಳು ಹೀಗೇ ಒಂದು ಕಡೆ ಬಿಟ್ಟು ನಮ್ಮಲ್ಲಿಗೆ ಬಂದಳು. ಎರಡು ವಾರ ಸುಮ್ಮನಿದ್ದಳು, ಮೂರನೇ ವಾರ ಹೇಳಿದಳು. ಅಷ್ಟು ದಿನ ಸುಮ್ಮನಿರಬೇಡಿ.

ದುಡ್ಡು, ಬಟ್ಟೆ, ಓಡಾಟ?

ಭತ್ಯೆ ಬಹುತೇಕ ಕಡೆ ಇಲ್ಲ. ಬಡ ಮನೆಯ ವಿದ್ಯಾರ್ಥಿಗಳು ಇದರಿಂದಲೇ ಹಿಂದೆ ಉಳಿಯುತ್ತಾರೆ. ಊಟ ಮತ್ತು ಓಡಾಟದ ಖರ್ಚನ್ನಾದರೂ ಸೀನಿಯರ್‌ಗಳು ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಕೇಳಲು ಸಂಕೋಚ ಬೇಡ. ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಚಿಂತೆ ಇಲ್ಲ. ಸೇಡಂ, ಜೇವರ್ಗಿ, ಆಳಂದದಿಂದ ದಿನಾ ಓಡಾಡುವವರು ಇದ್ದಾರೆ.

ಬಟ್ಟೆ: ಬಿಳಿ ಅಂಗಿ, ಕಪ್ಪು ಟೈ, ಕಪ್ಪು ಕೋಟು. ಕೊರಳಿನ ಬಿಳಿ ಬ್ಯಾಂಡು, ಗೌನು ಸನ್ನದು ಇರುವವರಿಗೆ ಮಾತ್ರ. ಪೂರ್ತಿ ಉಡುಪು ಕೊಳ್ಳಲು ಆಗದಿದ್ದರೆ ಬಿಳಿ ಪ್ಯಾಂಟು, ತುಂಬು ತೋಳಿನ ಬಿಳಿ ಅಂಗಿ ಸಾಕು ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಮೇ ತಿಂಗಳಿನಲ್ಲಿ ಇಲ್ಲಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ನೀರಿನ ಬಾಟಲಿ ಮರೆಯಬೇಡಿ.

ಹೈಕೋರ್ಟ್ ಪೀಠದಲ್ಲಿ ಏನು ಕಲಿಯಬಹುದು?

2008ರ ಜುಲೈನಲ್ಲಿ ಇಲ್ಲಿ ಸಂಚಾರಿ ಪೀಠ ಶುರುವಾಯಿತು, 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಕೇಸು ಇಲ್ಲಿ ನಡೆಯುತ್ತವೆ. ಅದಕ್ಕೆ ಮೊದಲು ಒಂದು ಜಾಮೀನು ಅರ್ಜಿಗೂ ಬೆಂಗಳೂರಿನ ರೈಲು ಹತ್ತಬೇಕಿತ್ತು. ಈ ಪೀಠದ ಕೇಸಿನ ಸಂಖ್ಯೆ ಎರಡು ಲಕ್ಷದ ಮೇಲಿನಿಂದ ಶುರುವಾಗುತ್ತದೆ. 200 ಎಂದು ಶುರುವಾಗುವ ಆರಂಕಿ ಸಂಖ್ಯೆ ಕಂಡರೆ ನಮ್ಮದು ಎಂದು ತಿಳಿಯಿರಿ. ಮೊದಲ ಇಂಟರ್ನ್‌ಶಿಪ್ ಕೆಳ ಕೋರ್ಟಿನಲ್ಲೇ ಮಾಡಿ. ಸಾಕ್ಷಿ ಕಟಕಟೆಯಲ್ಲಿ ನಿಂತು ತಡವರಿಸಿದ್ದನ್ನು ಕಣ್ಣಾರೆ ನೋಡಿದವರಿಗೆ ಮೇಲ್ಮನವಿಯ ಕಾಗದ ಬೇರೆ ಥರ ಓದಿಸಿಕೊಳ್ಳುತ್ತದೆ.

ಕೆಲವು ಕೇಸು ಮನಸ್ಸಿನಿಂದ ಹೋಗುವುದಿಲ್ಲ. ಏನು ಮಾಡಲಿ?

ಮಗುವಿನ ಮರಣೋತ್ತರ ವರದಿ ಓದಿದ ರಾತ್ರಿ ನಿದ್ದೆ ಬರುವುದಿಲ್ಲ. ನನಗೆ ಇವತ್ತಿಗೂ ಬರುವುದಿಲ್ಲ. ಸೀನಿಯರ್‌ಗೆ ಹೇಳಿ, ಆ ಕಡತವನ್ನು ಒಂದು ದಿನ ಬದಿಗಿಡಿ. ವಾರವಾದರೂ ಹಾಗೇ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಉಚಿತ. ಅದರಿಂದ ನೀವು ಕ್ರಿಮಿನಲ್ ಕೆಲಸಕ್ಕೆ ಆಗಲ್ಲ ಎಂದೇನೂ ಆಗುವುದಿಲ್ಲ.

ಕೊನೆಯ ದಿನ ಏನು ಮಾಡಬೇಕು?

ಪ್ರಮಾಣಪತ್ರ ತೆಗೆದುಕೊಳ್ಳಿ, ದಿನಚರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಿ. ಕಡತದ ಯಾವ ಪ್ರತಿಯೂ ನಿಮ್ಮ ಫೋನಿನಲ್ಲಿ, ಪೆನ್ ಡ್ರೈವ್‌ನಲ್ಲಿ ಉಳಿಯದಂತೆ ಅಳಿಸಿ. ನೀವು ನೋಡಿಕೊಳ್ಳುತ್ತಿದ್ದ ಕೇಸುಗಳ ಮುಂದಿನ ತಾರೀಖು, ಬಾಕಿ ಕೆಲಸ ಬರೆದು ಜೂನಿಯರ್ ವಕೀಲರ ಕೈಗೆ ಕೊಡಿ. ಆಮೇಲೆ ನಿಮ್ಮ ನಂಬರ್ ಇರುವ ಪ್ರತಿ ಕುಟುಂಬಕ್ಕೂ ಒಂದೊಂದು ಫೋನ್ ಮಾಡಿ. ನಾಳೆಯಿಂದ ನಾನು ಇರುವುದಿಲ್ಲ, ಇಂಥವರು ಇರುತ್ತಾರೆ, ಇದು ಅವರ ನಂಬರ್ ಎಂದು ಹೇಳಿ. ಬರೆದುಕೊಳ್ಳಲು ಬಾರದವರಿದ್ದರೆ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿಗೆ ಫೋನ್ ಕೊಡಿಸಿ ಬರೆಸಿ, ಬರೆದದ್ದನ್ನು ಓದಿ ಹೇಳಲು ಹೇಳಿ.